ಸೀಸೆಯಲ್ಲಿ ತಂದ ಕೋಪ

ಅಮೃತಹಳ್ಳಿಯ ಬಾಲರಾಜು ವೇದಾಳ ಲ್ಯಾಬಿನ ಬಾಗಿಲಲ್ಲಿ ನಿಂತ ಭಂಗಿ ಕಂಡಿದ್ದರೆ ಹೆಬ್ಬಾಳ ಫ್ಲೈಓವರಿನ ಟ್ರಾಫಿಕ್ಕೇ ಕರಗಿ ದಾರಿ ಬಿಡುತ್ತಿತ್ತು. ಖಾಲಿ ಹೊಟ್ಟೆ, ಕೈಯಲ್ಲೊಂದು ಕೆಮ್ಮಿನ ಔಷಧದ ಸೀಸೆ. ಅದರೊಳಗೆ ಬೆಳಗಿನ ಎಂಜಲು.

"ಸ್ಯಾಂಪಲ್ಲು ಮೇಡಂ. ನೀರೂ ಕುಡಿದಿಲ್ಲ."

ವೇದಾ ಸೀಸೆ ನೋಡಿದಳು, ಅವನನ್ನು ನೋಡಿದಳು, ತುಟಿ ಕಚ್ಚಿ ನಗು ತಡೆದಳು. ಜೀನ್‌ಗಳ ಮೇಲೆ ಸಂಶೋಧನೆ ಮಾಡುವವಳು. ಹೋದ ಭಾನುವಾರ ಅವನ ನರ್ಸರಿಯ ಗುಲಾಬಿ ಕುಂಡಗಳ ನಡುವೆ "ಮದುವೆ ಆಗೋಣ್ವಾ?" ಅಂದವಳು ಅವಳೇ. ವಾರ ಟೈಮ್ ಕೇಳಿ ಓಡಿದವನು ಇವನು.

"ಇದ್ರಲ್ಲಿ ಏನ್ ಹುಡುಕ್ಲಿ?"

"ಕೋಪದ ಜೀನು. ಇದ್ರೆ ಮದುವೆ ಬೇಡ. ನಿಮ್ಮ ಮೇಲೆ ಕೂಗಾಡೋ ಬದ್ಲು ಒಬ್ನೇ ಇದ್ಬಿಡ್ತೀನಿ."

ಅವನ ತಾತ ಮುನಿಕೃಷ್ಣಪ್ಪ ಗುಡುಗಿದರೆ ಜಕ್ಕೂರಿನಲ್ಲಿ ಇಳಿಯಬೇಕಾದ ವಿಮಾನ ವಾಪಸ್ ಮೇಲೇರುತ್ತಿತ್ತು. ಅಪ್ಪ ಎಸೆದ ತಟ್ಟೆ ತಣಿಸಂದ್ರ ದಾಟಿ ಬಿದ್ದಿತ್ತು, ಬೇಕಾದರೆ ಅಳೆದು ನೋಡಿ. ಅಮ್ಮ ಮಾತ್ರ ಮೂವತ್ತು ವರ್ಷ ಗೋಡೆಗೆ ಮೆತ್ತಿದ ಸಾರು ಒರೆಸಿದಳು.

"ಜೀನ್ ಅಂದ್ರೆ ದಾರಕ್ಕೆ ಪೋಣಿಸಿದ ಮಣಿ, ಮಣಿಗೊಂದು ಗುಣ ಅಂದ್ಕೊಂಡಿದ್ರು ಹಿಂದೆ. ಆಮೇಲೆ ಡಿಎನ್‌ಎ ತುಂಡು ಅಂದ್ರು. ಈಗ ಅದು ಎಲ್ಲಿ ಶುರು, ಎಲ್ಲಿ ಮುಗಿಯುತ್ತೆ ಅಂತ ನಾವೇ ಕಿತ್ತಾಡ್ತೀವಿ. ಒಂಟಿಯಾಗಿ ಅದೇನೂ ಮಾಡಲ್ಲ ಕಣ್ರೀ. ರಾಗಿ ಹಿಟ್ಟು ನೋಡಿ, ಮಧ್ಯಾಹ್ನ ಮುದ್ದೆನೋ ರೊಟ್ಟಿನೋ ಹೇಳ್ತೀರಾ?"

"ಅದು ಅಮ್ಮನ್ನ ಕೇಳ್ಬೇಕು."

"ಹೂಂ. ನಿಮ್ಮನೇಲಿ ತಟ್ಟೆ ಹಾರಿದಾಗ ಯಾರಾದ್ರೂ ಸಾಕು ಅಂದ್ರಾ?"

"ಯಾರಂತಾರೆ!"

"ಯಾರೂ ಸಾಕು ಅನ್ನದೇ ಇದ್ದಿದ್ದು ಯಾವ ಜೀನಲ್ಲಿತ್ತು?"

ಅಷ್ಟು ಹೇಳಿ ಸೀಸೆಯನ್ನು ಸಿಂಕಿಗೆ ಬಗ್ಗಿಸಿದಳು. ಇಡೀ ಬೆಳಗಿನ ಉಪವಾಸ ಮೋರಿ ಪಾಲು. ಬಾಲರಾಜುವಿನ ಕಿವಿ ಕೆಂಪಾಯಿತು.

"ರೀ! ಒಂದ್ ಮಾತು ಕೇಳಿ ಚೆಲ್ಲಬಾರ್ದಾ?"

ದನಿ ಗೋಡೆಗೆ ಬಡಿದು ವಾಪಸ್ ಬಂತು. ಥೇಟ್ ತಾತ. ಅವನೇ ಬೆಚ್ಚಿದ.

ವೇದಾ ಜಾಗ ಬಿಟ್ಟು ಕದಲಲಿಲ್ಲ. "ಕೇಳ್ದೆ ಚೆಲ್ಲಿದ್ದು ನನ್ನ ತಪ್ಪು. ಆದ್ರೆ ಕೂಗ್ಬೇಡಿ. ಸಾಕು."

ಆ ಮಾತನ್ನು ಅವನ ವಂಶದಲ್ಲಿ ಯಾರೂ ಕೇಳಿರಲಿಲ್ಲ.

"ಸರಿ," ಅಂದ ಮೆಲ್ಲಗೆ. "ಪ್ರತಿ ಸಲ ಹಿಂಗೇ ಹೇಳ್ತೀರಾ?"

"ಹೇಳ್ತೀನಿ. ನಾನು ಕೂಗಿದ್ರೆ ನೀವು ಹೇಳ್ಬೇಕು."

"ಹಂಗಾದ್ರೆ ಭಾನುವಾರ ಅಪ್ಪ ಅಮ್ಮನ್ನ ಕರ್ಕೊಂಡು ನಿಮ್ಮನೆಗೆ ಬರ್ತೀನಿ."

"ಅಪ್ಪ ದನಿ ಎತ್ತಿದ್ರೆ?"

"ಎದ್ದು ನಿಲ್ತೀನಿ. ಸಾಕು ಅಂತೀನಿ, ಅಪ್ಪನಿಗೂ."

ಅವಳು ಕೈ ಚಾಚಿ ಅವನ ಕಿವಿ ಮುಟ್ಟಿದಳು. ಇನ್ನೂ ಬಿಸಿಯಿತ್ತು. ಕೈ ತೆಗೆಯಲಿಲ್ಲ.