ಅರ್ಧ ಚಾರ್ಜಿನಲ್ಲೂ ಆಮೆ

ಬೆಳಿಗ್ಗೆ ಹತ್ತು ಗಂಟೆ ಮೂವತ್ತೈದು ನಿಮಿಷ. ಗುಡ್ಡದ ಮೇಲಿನ ಬೀದಿಯಲ್ಲಿ, ಪುಸ್ತಕ ಕಟ್ಟುವ ಅಂಗಡಿಯೊಳಗೆ ಮುದುಕ ಮಾಲೀಕರು ನೆಲದ ಮೇಲೆ ಬಿದ್ದಿದ್ದರು. ತಲೆಯ ಹಿಂಭಾಗದಲ್ಲಿ ಪೆಟ್ಟು. ಉಸಿರಿತ್ತು, ಪ್ರಜ್ಞೆ ಇರಲಿಲ್ಲ. ಮೊದಲು ಕಂಡವನು ಅವರ ಅಕ್ಕನ ಮಗ. ಆಂಬುಲೆನ್ಸ್ ಕರೆಸಿದವನೂ ಅವನೇ.

ಮೇಜಿನ ಮೇಲೆ ಮೈದಾ ಅಂಟಿನ ಬಟ್ಟಲು, ಇನ್ನೂ ಒದ್ದೆಯಿದ್ದ ಕುಂಚ. ಗ್ರಂಥಾಲಯದವರು ದುರಸ್ತಿಗೆ ಕೊಟ್ಟಿದ್ದ ಹನ್ನೆರಡು ಹಳೆಯ ನಕ್ಷೆಗಳು ಮಾತ್ರ ಮಾಯ. ಇನ್ನೂರು ವರ್ಷದ ಹಿಂದೆ ಕೈಯಲ್ಲೇ ಬರೆದವು.

ಇನ್ಸ್‌ಪೆಕ್ಟರಮ್ಮ ಬಂದರು. ಮಾತು ಕಡಿಮೆ, ಕಣ್ಣು ಚುರುಕು. ಅವರು ಬಾಯಿ ತೆರೆಯುವ ಮೊದಲೇ ಪಕ್ಕದ ಫ್ರೇಮ್ ಅಂಗಡಿಯವನು ಮುಂದೆ ಬಂದ.

"ಕಣ್ಣಾರೆ ಕಂಡಿದ್ದೀನಿ ಮೇಡಂ. ಹತ್ತಕ್ಕೆ ಐದು ನಿಮಿಷ ಇತ್ತು. ಈ ಹುಡುಗನ ಹಸಿರು ಎಲೆಕ್ಟ್ರಿಕ್ ಕಾರು ಬಾಣದ ಹಾಗೆ ಏರಿ ಬಂತು. ಇಳಿದವನೇ ಒಳಗೆ ಹೋದ."

"ಸುಳ್ಳು!" ಸೋದರಳಿಯ ಕೂಗಿದ. "ನಾನು ಬಂದಿದ್ದೇ ಹತ್ತೂವರೆ ದಾಟಿದ ಮೇಲೆ. ಏರು ಶುರುವಾದ ಕೂಡ್ಲೆ ಕಾರಿನ ಮೀಟರಲ್ಲಿ ಆಮೆ ಗುರುತಿನ ದೀಪ ಹತ್ಕೊಳ್ತು. ಎಷ್ಟು ಒತ್ತಿದ್ರೂ ತೆವಳ್ತಾ ಬಂತು. ಮೂರು ಕಡೆ ನಿಲ್ಲಿಸಿದೆ."

"ದಾರೀಲಿ ಯಾರಾದ್ರೂ ನೋಡಿದ್ರಾ?"

"ಎಲ್ರೂ ಹಾರ್ನ್ ಹೊಡ್ಕೊಂಡು ಮುಂದೆ ಹೋದ್ರು ಮೇಡಂ. ಯಾರನ್ನ ಅಂತ ಹುಡುಕಿ ತರ್ಲಿ?"

ಒಂಬತ್ತು ಐವತ್ತಕ್ಕೆ ಗ್ರಂಥಪಾಲಕಿ ಫೋನಿನಲ್ಲಿ ಮುದುಕರ ಜೊತೆ ಮಾತಾಡಿದ್ದರು. ಹತ್ತೂ ಹತ್ತಕ್ಕೆ ಮತ್ತೆ ಮಾಡಿದಾಗ ಯಾರೂ ಎತ್ತಲಿಲ್ಲ. ಏಟು ಬಿದ್ದದ್ದು ಆ ಇಪ್ಪತ್ತು ನಿಮಿಷದೊಳಗೆ.

*

ಠಾಣೆಯ ಹಿಂದಿನ ಮೈದಾನದಲ್ಲಿ ಹೆಡ್ ಕಾನ್‌ಸ್ಟೇಬಲ್ ಆ ಪುಟ್ಟ ಕಾರನ್ನು ಎರಡು ಸುತ್ತು ಓಡಿಸಿ ಗೆದ್ದವನಂತೆ ಇಳಿದ.

"ಆಮೆನೂ ಇಲ್ಲ, ಮೊಲನೂ ಇಲ್ಲ ಮೇಡಂ. ಚಾರ್ಜ್ ಐವತ್ತನಾಲ್ಕು ಪರ್ಸೆಂಟ್ ಇದೆ. ಹೊಟ್ಟೆ ತುಂಬಿದವನು ಹಸಿವು ಅಂತ ಅಳ್ತಾನಾ? ಹುಡುಗ ಕತೆ ಕಟ್ತಿದಾನೆ."

ಠಾಣೆಯ ಬೆಂಚಿನ ಮೇಲೆ ಹುಡುಗನ ತಾಯಿ ಕೂತಿದ್ದಳು. ಅತ್ತ ಆಸ್ಪತ್ರೆಯಲ್ಲಿ ತಮ್ಮ, ಇತ್ತ ಲಾಕಪ್ಪಿನಲ್ಲಿ ಮಗ. ಯಾರ ಹತ್ತಿರ ಹೋಗಬೇಕೆಂದು ತಿಳಿಯದೆ ಸೆರಗಿನ ತುದಿಯನ್ನು ಹಿಂಡುತ್ತಿದ್ದಳು.

ಇನ್ಸ್‌ಪೆಕ್ಟರಮ್ಮ ಅವಳನ್ನು ಒಂದು ಕ್ಷಣ ನೋಡಿದರು. ಆಮೇಲೆ ಎಲೆಕ್ಟ್ರಿಕ್ ಕಾರುಗಳ ಮೆಕ್ಯಾನಿಕ್ಕಿಗೆ ಹೇಳಿಕಳಿಸಿದರು.

ಮೆಕ್ಯಾನಿಕ್ ದಪ್ಪ ಕನ್ನಡಕದ ಹೆಂಗಸು. ಕೇಳಿ ನಕ್ಕಳು. "ಸಮತಟ್ಟು ನೆಲದಲ್ಲಿ ಓಡ್ಸಿದ್ರೆ ಏನು ಗೊತ್ತಾಗುತ್ತೆ? ಹತ್ತಿ ಕೂತ್ಕೊಳ್ಳಿ."

ಗುಡ್ಡದ ರಸ್ತೆಯ ಮೊದಲ ತಿರುವು. ಕಾರು ಚೆನ್ನಾಗಿಯೇ ಏರಿತು. ಎರಡನೆಯ ತಿರುವಿನಲ್ಲಿ ಹಳದಿ ಆಮೆ ಮಿನುಗಿತು. ಕಾರು ಗಕ್ಕನೆ ಸೊರಗಿ ನಡಿಗೆಯ ವೇಗಕ್ಕಿಳಿಯಿತು. ಹಿಂದಿನ ಸೀಟಿನಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ ಗಂಟಲು ಸರಿಮಾಡಿಕೊಂಡ.

"ಆಮೆ ಅಂದ್ರೆ ಚಾರ್ಜ್ ಮುಗೀತು ಅಂತಲ್ವಾ?" ಇನ್ಸ್‌ಪೆಕ್ಟರಮ್ಮ ಕೇಳಿದರು.

"ಎಲ್ರೂ ಹಾಗೇ ಅಂದ್ಕೊಳ್ತಾರೆ. 'ಇದಕ್ಕಿಂತ ಜಾಸ್ತಿ ಶಕ್ತಿ ಕೊಡೋಕೆ ನನ್ನಿಂದ ಆಗಲ್ಲ' ಅಂತ ಅದರರ್ಥ. ಬ್ಯಾಟರಿ ಖಾಲಿ ಆದ್ರೂ ಬರುತ್ತೆ. ತೀರಾ ತಣ್ಣಗಾದ್ರೂ, ತೀರಾ ಕಾದ್ರೂ ಬರುತ್ತೆ. ಇಲ್ಲಿ ಒಂದು ಸೆಲ್ ಸೋತಿದೆ. ಉಳಿದವು ಗಟ್ಟಿಯಾಗಿವೆ, ಅದಕ್ಕೇ ಅರ್ಧ ಚಾರ್ಜ್ ತೋರಿಸುತ್ತೆ. ಏರಿನ ಭಾರ ಬಿದ್ದಾಗ ಆ ಒಂದು ಕುಸಿಯುತ್ತೆ. ಬ್ಯಾಟರಿ ಹಾಳಾಗದಿರ್ಲಿ ಅಂತ ಕಾರೇ ವೇಗ ಇಳಿಸುತ್ತೆ. ಸ್ವಲ್ಪ ಹೊತ್ತು ಆಫ್ ಮಾಡಿ ಆನ್ ಮಾಡಿದ್ರೆ ದೀಪ ಹೋಗುತ್ತೆ, ಕಾಯಿಲೆ ಹೋಗಲ್ಲ."

ಅವಳು ಕೈಯಲ್ಲಿದ್ದ ಯಂತ್ರವನ್ನು ಕಾರಿಗೆ ಜೋಡಿಸಿ ಪರದೆ ತಿರುಗಿಸಿದಳು. "ಪ್ರತಿ ಸಲ ಆಮೆ ಬಂದಾಗ್ಲೂ ಕಾರು ಬರೆದಿಟ್ಕೊಂಡಿದೆ. ಇವತ್ತು ಮೊದಲ್ನೇದು ಒಂಬತ್ತು ನಲವತ್ತೊಂದಕ್ಕೆ. ಈಗಿಂದು ಬಿಟ್ರೆ ಕೊನೇದು ಹತ್ತು ಮೂವತ್ತೊಂದಕ್ಕೆ. ಮಧ್ಯೆ ಗಂಟೆಗೆ ಐದು ಕಿಲೋಮೀಟರ್ ದಾಟಿಲ್ಲ. ಹತ್ತು ಗಂಟೆಗೆ ಇನ್ನೂ ಅರ್ಧ ಗುಡ್ಡದಲ್ಲೇ ಇತ್ತು."

ಇನ್ಸ್‌ಪೆಕ್ಟರಮ್ಮ ಬಾಗಿಲು ತೆರೆದು ಇಳಿದೇಬಿಟ್ಟರು. "ನಡ್ಕೊಂಡು ಹೋದ್ರೆ ಬೇಗ ಆಗುತ್ತೆ. ಬನ್ನಿ."

*

ಫ್ರೇಮ್ ಅಂಗಡಿಯ ಗೋಡೆಯ ತುಂಬಾ ಚಿತ್ರಗಳು. ಇನ್ಸ್‌ಪೆಕ್ಟರಮ್ಮ ಒಂದೊಂದನ್ನೇ ತಿರುಗಿಸಿ ಬೆನ್ನು ಸವರುತ್ತಾ ಹೋದರು.

"ಏನು ಹುಡುಕ್ತಿದೀರಾ ಮೇಡಂ?"

"ನೀವು ಫ್ರೇಮಿನ ಹಿಂದೆ ಮೈದಾ ಅಂಟು ಹಾಕ್ತೀರಾ?"

"ಇಲ್ಲ ಮೇಡಂ. ಟೇಪು, ಮೊಳೆ ಅಷ್ಟೇ. ಅಂಟು ಹಾಕಿದ್ರೆ ಹುಳ ಹಿಡಿಯುತ್ತೆ."

ದೊಡ್ಡದೊಂದು ಸಮುದ್ರದ ಚಿತ್ರದ ಮೇಲೆ ಅವರ ಬೆರಳು ನಿಂತಿತು. ಹಿಂಬದಿಯ ಕಾಗದ ನೆನೆದು ಸುಕ್ಕಾಗಿತ್ತು. ಹೆಡ್ ಕಾನ್‌ಸ್ಟೇಬಲ್ ಟೇಪು ಕಿತ್ತ. ಚಿತ್ರಕ್ಕೂ ರಟ್ಟಿಗೂ ನಡುವೆ ಹನ್ನೆರಡು ನಕ್ಷೆಗಳು. ಅಂಚಿಗೆ ಬೆಳಿಗ್ಗೆ ಹಚ್ಚಿದ್ದ ಅಂಟು ಇನ್ನೂ ಹಸಿ.

ಫ್ರೇಮಿನವನು ಸ್ಟೂಲಿನ ಮೇಲೆ ಕುಸಿದ.

"ಆ ಕಾರು ದಿನಾ ನಿಮ್ಮ ಬಾಗಿಲ ಮುಂದೆ ಬಂದು ನಿಲ್ಲುತ್ತೆ," ಇನ್ಸ್‌ಪೆಕ್ಟರಮ್ಮ ಅಂದರು. "ಇವತ್ತೂ ಹತ್ತರೊಳಗೆ ಬಂದಿರುತ್ತೆ ಅಂತ ಲೆಕ್ಕ ಹಾಕಿದ್ರಿ. ಆಗ ನೀವು ಒಳಗಡೆ ನಕ್ಷೆಗಳನ್ನ ಮುಚ್ಚಿಡ್ತಾ ಇದ್ರಿ, ಹೊರಗೆ ನೋಡ್ಲೇ ಇಲ್ಲ. ಬಾಣದ ಹಾಗೆ ಬಂತು ಅಂದ್ರಲ್ಲ, ಆ ಕಾರು ಆಗ ಅರ್ಧ ಗುಡ್ಡದಲ್ಲಿ ತೆವಳ್ತಾ ಇತ್ತು. ಬರದೇ ಇದ್ದವನನ್ನ ಕಂಡೆ ಅಂತ ಯಾಕೆ ಹೇಳ್ಬೇಕು? ಆ ಹೊತ್ತಲ್ಲಿ ಅಲ್ಲಿದ್ದವನು ಬೇರೆ ಯಾರೋ ಅಂತ ಗೊತ್ತಿದ್ದವನು ಮಾತ್ರ ಹೇಳ್ತಾನೆ."

"ಹೊಡೀಬೇಕು ಅಂತ ಹೋಗಿರ್ಲಿಲ್ಲ," ಅವನ ದನಿ ನೆಲ ಕಚ್ಚಿತ್ತು. "ಅವರು ಬೆನ್ನು ಹಾಕಿ ಕೂತಿದ್ರು. ಹಾಳೆ ಎತ್ಕೊಂಡೆ. ತಿರುಗಿಬಿಡ್ತಾರೆ ಅನ್ನಿಸ್ತು. ಕೈಗೆ ಸುತ್ತಿಗೆ ಸಿಕ್ತು..."

*

ಸಂಜೆ ಆಸ್ಪತ್ರೆಯಲ್ಲಿ ಮುದುಕರು ಕಣ್ಣು ಬಿಟ್ಟರು. ಅಕ್ಕ ಮಂಚದ ಪಕ್ಕ, ಅಳಿಯ ಬಾಗಿಲಲ್ಲಿ. ಒಳಗೆ ಬರಲು ಅವನ ಕಾಲು ಹಿಂಜರಿಯುತ್ತಿತ್ತು.

"ಅಷ್ಟು ದೂರ ಯಾಕೋ ನಿಂತಿದೀಯ?"

"ನಾನೇ ಹೊಡೆದೆ ಅಂತ ಇಡೀ ಬೀದಿ ಹೇಳ್ತಿತ್ತು ಮಾವ. ನೀವೂ ಹಾಗೇ..."

"ಹುಚ್ಚಪ್ಪಾ," ಮುದುಕರು ಕಷ್ಟಪಟ್ಟು ನಕ್ಕರು. "ಬಂದವನು ಸದ್ದಿಲ್ಲದೆ ಬಂದ ಕಣೋ. ಮೂರು ವರ್ಷದ ಮಗುವಾಗಿದ್ದಾಗಿಂದ ಇವತ್ತಿನವರೆಗೆ, ಬೀದಿ ತುದಿಯಿಂದಲೇ 'ಮಾವಾ' ಅಂತ ಕೂಗ್ದೆ ನೀನು ಯಾವತ್ತಾದ್ರೂ ಒಳಗೆ ಬಂದಿದ್ದೀಯಾ?"