ಬಾಕ್ಸ್ ಮೂವತ್ತೊಂದು, ಇಪ್ಪತ್ತಾರು ಡಿಗ್ರಿ

ಕೋಲ್ಡ್ ರೂಮಿನ ಬಾಗಿಲು ಹೊರಗಿನಿಂದ ಮುಚ್ಚಿತು. ಚಿಲಕದ ಸದ್ದು!

ಒಳಗೆ ಬಾಗಿಲು ತೆಗೆಯೋ ಹಿಡಿಕೆ ಇರಬೇಕು. ಬಿಚ್ಚಿಟ್ಟಿದ್ದರು.

"ತೆಗೀರಿ ವೀರೇಶ್!"

"ಲ್ಯಾಪ್‌ಟಾಪಲ್ಲಿರೋ ಫೈಲ್ ಡಿಲೀಟ್ ಮಾಡಿ ಮೇಡಂ. ಆಮೇಲೆ ತೆಗೀತೀನಿ." ಬೂಟಿನ ಸದ್ದು ದೂರ ಹೋಯ್ತು.

ನಾನು ನೀಲಾಂಬಿಕಾ. ಔಷಧಿ ಕಂಪನಿಗಳಿಗೆ ಗೋಲ್‌ಮಾಲ್ ಹುಡುಕಿಕೊಡೋದು ನನ್ನ ಕೆಲಸ. ಇದು ಕಾಡುಗೋಡಿಯ ಗೋಡೌನ್, ವೀರೇಶ್ ಅದರ ಓನರ್. ಇಟ್ಟಿರೋದು ನಾಯಿ ಕಚ್ಚಿದವರಿಗೆ ಕೊಡೋ ಇಂಜೆಕ್ಷನ್. ಎಂಟು ಡಿಗ್ರಿ ದಾಟಿ ಬಿಸಿಯಾದ್ರೆ ಅದು ಬರೀ ನೀರು... ಚುಚ್ಚಿಸಿಕೊಂಡವರ ಜೀವಕ್ಕೆ ಗ್ಯಾರಂಟಿ ಇಲ್ಲ.

ನಾಲ್ಕು ಕಡೆ ತಗಡು. ಮೊಬೈಲ್‌ಗೆ ಸಿಗ್ನಲ್ ಇಲ್ಲ. ನಲವತ್ತೇಳು ವಯಸ್ಸು, ಮಂಡಿ ನೋವು. ನೆಲದ ಮೇಲೆ ಕೂತು ಲ್ಯಾಪ್‌ಟಾಪ್ ತೆಗೆದೆ.

ಗೋಡೌನಿನ ಫೈಲಲ್ಲಿ ಬಾಕ್ಸಿಗೊಂದು ಎಕ್ಸೆಲ್ ಶೀಟ್, ಬಾಕ್ಸಿನೊಳಗಿನ ಯಂತ್ರ ಬರೆದಿಟ್ಟ ಡಿಗ್ರಿ ಲೆಕ್ಕ. ವೀರೇಶ್ ಮ್ಯಾಕ್ರೋ ಅನ್ನೋ ಚಿಕ್ಕ ಕೋಡ್ ಬರೆದು ಎಲ್ಲ ಶೀಟಿಗೂ ಒಂದೇ ಫಾರ್ಮುಲಾ ತುಂಬಿಸಿದ್ದ. ಎಂಟು ಡಿಗ್ರಿ ದಾಟಿದ್ರೂ ಎಂಟು ಅಂತ್ಲೇ ತೋರಿಸು! ಅಸಲಿ ರೀಡಿಂಗ್ ಇರೋ ಕಾಲಮ್ ಬಚ್ಚಿಟ್ಟಿದ್ದ. ಅಳಿಸಿರಲಿಲ್ಲ... ಸೋಮಾರಿ.

ಬೆರಳು ಮರಗಟ್ಟಿದ್ವು. ಆದ್ರೂ ನಾಲ್ಕು ಸಾಲು ಕೋಡ್ ಬರೆದೆ. ಒಂದೊಂದೇ ಶೀಟಿಗೆ ಹೋಗು. ಅವನ ಫಾರ್ಮುಲಾ ತೆಗೆ. ಬಚ್ಚಿಟ್ಟ ಕಾಲಮ್ಮಿನ ಅತಿ ದೊಡ್ಡ ರೀಡಿಂಗ್ ತೋರಿಸೋ ಫಾರ್ಮುಲಾ ಹಾಕು.

ರನ್!

ಎಲ್ಲ ಶೀಟೂ ಸರಿ ಇತ್ತು, ಒಂದು ಬಿಟ್ಟು. ಮೂವತ್ತೊಂದನೇ ಬಾಕ್ಸ್... ಇಪ್ಪತ್ತಾರು ಡಿಗ್ರಿ!

ಎದ್ದು ಹುಡುಕಿದೆ. ಮೂವತ್ತೊಂದರ ಜಾಗ ಖಾಲಿ. ರ‍್ಯಾಕಿಗೆ ಚೀಟಿ ಅಂಟಿಸಿದ್ರು: 'ಇವತ್ತಿನ ಲೋಡ್, ಚಂದಾಪುರ ಕ್ಲಿನಿಕ್.'

ಗೋಡೆ ಮೇಲೆ ರೂಮಿನ ಸೆನ್ಸರ್ ವೈರ್ ನೇತಾಡ್ತಿತ್ತು. ಅದು ಬಿಸಿಯಾದ್ರೆ ಹೊರಗೆ ಸೈರನ್ ಆಗುತ್ತೆ. ಅದರ ತುದಿ ಎಳೆದು ಕಂಕುಳಲ್ಲಿ ಒತ್ತಿ ಹಿಡಿದೆ. ಹಲ್ಲು ಕಟಕಟ ಅಂತಿತ್ತು...

ಸೈರನ್ ಕೂಗ್ತು!

ಬಾಗಿಲು ತೆಗೆದವನು ವಾಚ್‌ಮನ್ ಆವಲಪ್ಪ. "ಅಯ್ಯೋ! ನೀವಿಲ್ಲಿ ಎಂಗೆ ಮೇಡಂ?"

"ಆಮೇಲೆ ಹೇಳ್ತೀನಿ. ವ್ಯಾನ್ ಡ್ರೈವರ್ ನಂಬರ್ ಕೊಡಪ್ಪ."

ಡ್ರೈವರ್ ಮುತ್ತಣ್ಣ ಫೋನ್ ತಗೊಂಡ. "ಚಂದಾಪುರದಲ್ಲಿ ಆಗ್ಲೇ ಇಳಿಸ್ಬಿಟ್ಟೆ ಮೇಡಂ."

"ವಾಪಸ್ ಹೋಗಿ ನಿಲ್ಸು! ಔಷಧಿ ಕೆಟ್ಟಿದೆ!"

"ಓನರ್ ಕೆಲಸದಿಂದ ತೆಗೀತಾರೆ..." ಕಟ್ ಮಾಡಿದ. ಕ್ಲಿನಿಕ್ ನಂಬರ್ ನನ್ನ ಹತ್ರ ಇರಲಿಲ್ಲ, ನಾನೇ ಹೋಗ್ಬೇಕು.

ನನ್ನ ಕಾರಿನ ಹತ್ರ ವೀರೇಶ್ ನಿಂತಿದ್ದ. ಕೈಲಿ ಸ್ಪ್ಯಾನರ್.

"ಆ ಬಾಕ್ಸ್ ಒಂದು ದಿನ ಬಿಸಿಲಲ್ಲಿತ್ತು, ಅಷ್ಟೇ ಕಣ್ರೀ! ಲ್ಯಾಪ್‌ಟಾಪ್ ಕೊಡಿ!"

ಕೊಟ್ಟೆ. ಮೂಗಿಗೆ!

ಅವನು ಕೂತ. ನಾನು ಹೊರಟೆ. ಸರ್ಜಾಪುರ ರಸ್ತೆಗೆ ಬರೋಷ್ಟರಲ್ಲಿ ಅವನ ಸುಮೋ ಹಿಂದೆಯೇ ಇತ್ತು. ಗುದ್ದಿದ. ಹಿಂದಿನ ಗಾಜು ಪುಡಿ! ಮುಂದೆ ಜಾಮ್... ಇಬ್ಬರೂ ನಿಂತ್ವಿ. ಬೆಂಗಳೂರಲ್ಲಿ ಚೇಸ್ ಅಂದ್ರೆ ಇಷ್ಟೇ. ಅವನು ಇಳಿದು ಓಡಿ ಬಂದ. ನಾನು ಫುಟ್‌ಪಾತ್ ಹತ್ತಿಸಿದೆ. ಕನ್ನಡೀಲಿ ನೋಡಿದೆ... ಅವನ ಸುಮೋ ಹಿಂದೆ ಇಡೀ ರಸ್ತೆ ಹಾರ್ನ್ ಹೊಡೀತಿತ್ತು.

ಕ್ಲಿನಿಕ್‌ಗೆ ನುಗ್ಗಿದೆ. "ಹೊಸ ಬಾಕ್ಸ್ ಮುಟ್ಬೇಡಿ!"

ನರ್ಸ್ ಭಾಗ್ಯಶ್ರೀ ಕೈಲಿದ್ದ ಸಿರಿಂಜ್ ಕೆಳಗಿಟ್ಲು. "ಒಬ್ಬರಿಗೆ ಕೊಟ್ಬಿಟ್ಟೆ. ಈಗ ತಾನೆ..."

ಬೆಂಚಿನ ಮೇಲೆ ಹನುಮವ್ವ. ರಾಯಚೂರಿನ ಕಡೆಯವಳು, ಕಟ್ಟಡದ ಕೆಲಸ. ನಾಯಿ ಕಚ್ಚಿದ ಕಾಲಿಗೆ ಬ್ಯಾಂಡೇಜ್, ತೋಳು ಉಜ್ಜಿಕೊಳ್ತಾ ಕೂತಿದ್ಲು.

"ಹಳೇ ಸ್ಟಾಕ್ ಇದ್ಯಾ?"

"ಫ್ರಿಜ್ಜಲ್ಲಿದೆ."

"ಡಾಕ್ಟರ್‌ನ ಕೇಳಿ ಅದನ್ನ ಕೊಡಿ."

ಡಾಕ್ಟರ್ ಬಂದ್ರು, ಕೇಳಿದ್ರು, ಆಗ್ಲಿ ಅಂತ ತಲೆ ಆಡಿಸಿದ್ರು. ಬಾಕ್ಸಿನೊಳಗಿನ ರೀಡಿಂಗ್ ಯಂತ್ರ ಬಿಚ್ಚಿ ಜೇಬಿಗೆ ಹಾಕ್ಕೊಂಡೆ. ಅದು ಸುಳ್ಳು ಹೇಳಲ್ಲ. ಪೊಲೀಸರಿಗೆ ಫೋನ್ ಮಾಡಿದೆ.

ಹನುಮವ್ವ ಎದ್ದು ನಿಂತ್ಲು. "ಮತ್ತ ಚುಚ್ತೀರಿ? ನಾ ಏನ್ ಎಮ್ಮಿ ಅದೀನೇನ? ನೀ ಯಾವಾಕಿ, ನಡುವ ಬಾಯಿ ಹಾಕಾಕ?"

ಕಾರಣ ಹೇಳೋಷ್ಟು ಶಕ್ತಿ ಇರಲಿಲ್ಲ. ಅವಳ ಕೈ ಹಿಡ್ಕೊಂಡೆ. ಸೂಜಿ ಇಳೀತು. ನನ್ನ ವಂಶದವರನ್ನೆಲ್ಲ ಒಬ್ಬೊಬ್ಬರನ್ನೇ ಕರೆದು ಬೈದ್ಲು.

ಬೈಲಿ ಬಿಡಿ. ಬದುಕಿರೋರು ತಾನೇ ಬೈಯೋದು!