ನಲವತ್ತೊಂದನೆಯ ಪರೀಕ್ಷೆ

ವಿಘ್ನೇಶ್ವರನ ಮುಖ ರೋಹಿಣಿಗೆ ಗೊತ್ತಿರಲಿಲ್ಲ. ಗೊತ್ತಾಗಬಾರದು ಎಂಬುದು ಆಫೀಸಿನ ನಿಯಮವೇ ಆಗಿತ್ತು.

ಶಿರಸಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಟೈಲರ್ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ದಿನಕರ ಅವರ ಪುಟ್ಟ ಸಾಫ್ಟ್‌ವೇರ್ ಕಂಪನಿ. ಪ್ರೋಗ್ರಾಂ ಬರೆಯುವವರು ಎರಡಕ್ಷರ ಒತ್ತಿದರೆ ಉಳಿದ ಪದವನ್ನು ತಾನೇ ಊಹಿಸಿ ಪಟ್ಟಿ ತೋರಿಸುವ ಲೈಬ್ರರಿಯೊಂದು, ಅಂದರೆ ಬೇರೆ ಪ್ರೋಗ್ರಾಂಗಳಿಗೆ ಜೋಡಿಸಬಹುದಾದ ಸಿದ್ಧ ಕೋಡು, ಅಲ್ಲಿ ತಯಾರಾಗುತ್ತಿತ್ತು. ಬರೆಯುವವನು ಸಿದ್ದಾಪುರದ ಬಾಡಿಗೆ ಕೋಣೆಯಲ್ಲಿ ಕೂತ ವಿಘ್ನೇಶ್ವರ. ಅದನ್ನು ಪ್ರೋಗ್ರಾಂ ಬರೆಯುವ ನಿಜವಾದ ಎಡಿಟರ್ ತಂತ್ರಾಂಶಕ್ಕೆ ಜೋಡಿಸಿ, ಕೀ ಒತ್ತಿ, ಏನು ಬರುತ್ತದೆ ಎಂದು ನೋಡುವವಳು ನಂದೊಳ್ಳಿಯ ರೋಹಿಣಿ. ಒಳಗಿನ ಕೋಡನ್ನು ಅವಳು ನೋಡುವಂತಿಲ್ಲ, ಬರೆದವನ ಹತ್ತಿರ ಮಾತಾಡುವಂತಿಲ್ಲ. ಒಳಗೇನಿದೆ ಎಂದು ಗೊತ್ತಾದರೆ ಗಟ್ಟಿ ಇರುವ ಕಡೆಗೇ ಕಾಲಿಡುತ್ತೀಯ ಎಂದು ದಿನಕರ ಮೊದಲ ದಿನವೇ ಹೇಳಿದ್ದರು. ಬ್ಲ್ಯಾಕ್ ಬಾಕ್ಸ್ ಪರೀಕ್ಷೆ ಎಂದರೆ ಇದೇ.

ಹಾಗಾಗಿ ನಾಲ್ಕು ತಿಂಗಳಿಂದ ಇಬ್ಬರ ನಡುವೆ ಓಡಾಡಿದ್ದು ವರದಿಗಳು ಮಾತ್ರ. ನಾನು ಮಾಡಿದ್ದೇನು, ಬರಬೇಕಾಗಿದ್ದೇನು, ಬಂದಿದ್ದೇನು. ಅವಳು ಮೂರು ಸಾಲು ಬರೆದರೆ ಅವನದು ಒಂದೇ ಸಾಲಿನ ಉತ್ತರ, ಅದೂ ಒಂದು ದಿನ ತಡವಾಗಿ. ಒಮ್ಮೆ, ‘ನಿಮ್ಮ ವರದಿ ಓದಿದ ಮೇಲೆ ನನ್ನ ಕೋಡು ನನಗೇ ಅರ್ಥವಾಯಿತು’ ಎಂದು ಬರೆದಿದ್ದ. ಆ ಸಾಲನ್ನು ಅವಳು ಎಷ್ಟು ಸಲ ಓದಿದಳು ಎಂಬುದನ್ನು ಇಲ್ಲಿ ಹೇಳುವುದು ಬೇಡ. ಹೆಸರು ಕೇಳಿಯೇ ಐವತ್ತು ದಾಟಿದ, ಹಣೆಗೆ ವಿಭೂತಿ ಹಚ್ಚಿದ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನೋಡುವ ಒಬ್ಬ ಆಸಾಮಿಯನ್ನು ಕಲ್ಪಿಸಿಕೊಂಡಿದ್ದಳು. ಆದರೂ ಕುತೂಹಲ ಬಿಡಬೇಕಲ್ಲ. ಲೈಬ್ರರಿಯೊಳಗೆ ಏನಿದೆ ಎನ್ನುವುದಕ್ಕಿಂತ ಅದನ್ನು ಬರೆದವನೊಳಗೆ ಏನಿದೆ ಎಂಬ ಯೋಚನೆಯೇ ಅವಳಿಗೆ ಹೆಚ್ಚಾಗಿತ್ತು.

ಈಗ ತಕರಾರು ಎದ್ದಿದ್ದು ನಲವತ್ತೊಂದನೆಯ ಪರೀಕ್ಷೆಯಲ್ಲಿ. ‘ಸೆಟ್’ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ‘ಸೆಟ್’ ಎಂದೇ ಉಳಿಯಬೇಕು. ಕೆಲವು ಮಧ್ಯಾಹ್ನ ಮಾತ್ರ ಅದು ‘ಸೆಟ್ಟಿಂಗ್ಸ್’ ಆಗಿಬಿಡುತ್ತಿತ್ತು. ಸಿದ್ದಾಪುರದಲ್ಲಿ ನೂರು ಸಲ ನಡೆಸಿದರೂ ಸರಿಯಾಗಿಯೇ ಬರುತ್ತಿತ್ತು. ದಿನಕರ ತಾಳ್ಮೆ ಕಳೆದುಕೊಂಡರು. ಶನಿವಾರ ಸಂಜೆಯೊಳಗೆ ಕಾರಣ ಸಿಗಬೇಕು. ಸಿಗದಿದ್ದರೆ ಅದು ರೋಹಿಣಿಯದೇ ತಪ್ಪೆಂದು ದೋಷಗಳ ಪಟ್ಟಿಯಿಂದ ತೆಗೆದು, ಎಲ್ಲ ಸರಿಯಿದೆ ಎಂದು ಅವಳೇ ಸಹಿ ಹಾಕಬೇಕು. ಹಾಕುವುದಿಲ್ಲ ಎಂದಳು. ಹಾಗಾದರೆ ಸೋಮವಾರ ಬರುವುದು ಬೇಡ ಎಂದು ಹೇಳಿ ಅವರು ಯಲ್ಲಾಪುರದ ಮದುವೆಮನೆಗೆ ಹೊರಟುಹೋದರು.

ಶನಿವಾರ ಮೂರು ಗಂಟೆಗೆ ಮೆಟ್ಟಿಲ ಮೇಲೆ ಒಬ್ಬ ಯುವಕ ಕಾಣಿಸಿಕೊಂಡ. ಬೆನ್ನಿಗೆ ಚೀಲ, ಮಡಚಿದ ತೋಳು, ಬಸ್ಸಿನ ಗಾಳಿಗೆ ಕೆದರಿದ ಕೂದಲು. ಆಫೀಸಿನ ಇನ್ವರ್ಟರ್ ಕೆಟ್ಟು ಎರಡು ವಾರವಾಗಿತ್ತು. ಅಬ್ದುಲ್ ಗಫೂರ್ ಅವರ ಬ್ಯಾಟರಿ ಅಂಗಡಿಯಿಂದ ಜನ ಕಳಿಸುತ್ತೇವೆಂದು ದಿನವೂ ಹೇಳುತ್ತಿದ್ದರು.

“ಅಂತೂ ಬಂದ್ರಲ್ಲ,” ಎಂದಳು ರೋಹಿಣಿ. “ಆ ಮೂಲೇಲಿ ಅದೆ, ನೋಡಿ.”

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವಳು ಸ್ಕ್ರೂಡ್ರೈವರನ್ನು ಅವನ ಕೈಗಿಟ್ಟಾಗಿತ್ತು. ಒಂದು ಕ್ಷಣ ಅದನ್ನೇ ನೋಡಿ, ಮೂಲೆಗೆ ಹೋಗಿ ಕೂತು ಮುಚ್ಚಳ ಬಿಚ್ಚತೊಡಗಿದ. ಬ್ಯಾಟರಿಗೆ ಹಾಕುವ ನೀರು ಇದೆಯಾ ಎಂದು ಕೇಳಿದ. ಕೆಲಸ ಬಲ್ಲವನ ಹಾಗೆಯೇ ಕಂಡ, ಆದರೆ ಕಣ್ಣು ಬ್ಯಾಟರಿಯ ಮೇಲೆ ನಿಲ್ಲುತ್ತಿರಲಿಲ್ಲ. ಕೀಬೋರ್ಡಿನ ಮೇಲೆ ಓಡುವ ಅವಳ ಬೆರಳುಗಳನ್ನೇ ನೋಡುತ್ತಿದ್ದ. ಅವಳು ತಿರುಗಿದರೆ ತಟ್ಟನೆ ಸ್ಕ್ರೂ ತಿರುಗಿಸುತ್ತಿದ್ದ.

ಎಂತ ಕೆಲಸ ಮಾಡ್ತ್ರಿ ಎಂದು ಅವನು ಕೇಳಿದ್ದೇ ತಡ, ರೋಹಿಣಿ ಎಲ್ಲವನ್ನೂ ಹೇಳಿಕೊಂಡಳು. ಗುರುತಿಲ್ಲದವರ ಮುಂದೆ ಹೇಳುವುದು ಎಷ್ಟು ಸುಲಭ! ಇದನ್ನು ಬರೆದ ಮಾರಾಯರಿಗೆ ಸ್ವಲ್ಪ ಧಿಮಾಕು ಇದೆ, ಉತ್ತರಕ್ಕೆ ಒಂದು ದಿನ ಕಾಯಿಸುತ್ತಾರೆ, ಆದರೂ ಬೆಳಿಗ್ಗೆ ಬಂದಕೂಡಲೇ ನಾನು ಮೊದಲು ನೋಡುವುದು ಅದನ್ನೇ ಎಂದಳು. ಮೂಲೆಯಲ್ಲಿ ಸ್ಕ್ರೂ ಒಂದು ಕೈಜಾರಿ ಬಿತ್ತು.

ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು. ರೋಹಿಣಿ ತಲೆ ಎತ್ತದೆ ಲ್ಯಾಪ್‌ಟಾಪಿನಲ್ಲಿ ಪರೀಕ್ಷೆ ನಡೆಸಿದಳು. ‘ಸೆಟ್’ ಬಂತು, ಎಂಟರ್ ಬಿತ್ತು, ಒಂದು ಕ್ಷಣ ಬಿಟ್ಟು ಪದ ‘ಸೆಟ್ಟಿಂಗ್ಸ್’ ಆಯಿತು.

“ನಲವತ್ತೊಂದು,” ಎಂದಿತು ಹಿಂದಿನಿಂದ ಒಂದು ದನಿ.

ಪರೀಕ್ಷೆಯ ನಂಬರನ್ನು ಅವಳು ಅವನಿಗೆ ಹೇಳಿರಲಿಲ್ಲ. ನಿಧಾನವಾಗಿ ಕುರ್ಚಿ ತಿರುಗಿಸಿದಳು. ಅವನ ಕಿವಿಗಳು ಕೆಂಪಗಾಗಿದ್ದವು.

“ವಿಘ್ನೇಶ್ವರ ಅಂದ್ರೆ ನೀವೇನಾ?”

ಹೌದೆಂದು ತಲೆಯಾಡಿಸಿದ. ಮುಂಚೆಯೇ ಹೇಳಿದ್ದರೆ ನೀವು ನನ್ನನ್ನು ನೋಡುತ್ತಿದ್ದಿರಿ, ನಾನು ನೀವು ಮಾಡುವುದನ್ನು ನೋಡಬೇಕಿತ್ತು ಎಂದ. ಅವಳಿಗೆ ಸಿಟ್ಟು, ನಾಚಿಕೆ ಎರಡೂ ಒಟ್ಟಿಗೇ ಬಂದವು. ಆದರೆ ಅವನಾಗಲೇ ಪಕ್ಕಕ್ಕೆ ಸ್ಟೂಲು ಎಳೆದುಕೊಂಡಿದ್ದ.

“ಮೊನ್ನೆ ತಪ್ಪು ಬಂದಾಗ್ಲೂ ಕರೆಂಟು ಹೋಗಿತ್ತಾ?”

“ಎರಡು ವಾರದಿಂದ ಹೆಚ್ಚು ಕಮ್ಮಿ ದಿನಾ ಹೋಗ್ತದೆ.”

“ವರದೀಲಿ ಬರೀಲಿಲ್ಲ.”

“ಕರೆಂಟು ಹೋಗಿದ್ದನ್ನ ಯಾರಾದ್ರೂ ಬರೀತ್ರಾ?”

ಇಬ್ಬರೂ ಒಟ್ಟಿಗೇ ನಕ್ಕರು. ಕರೆಂಟು ಹೋದರೆ ಲ್ಯಾಪ್‌ಟಾಪು ಚಾರ್ಜು ಉಳಿಸಲು ನಿಧಾನವಾಗುತ್ತದೆ. ಆಗ ಪಟ್ಟಿ ತಡವಾಗಿ ಬಂದು, ಬರೆದು ಮುಗಿಸಿದ ಪದಕ್ಕೂ ತನ್ನ ಊಹೆಯನ್ನು ಅಂಟಿಸುತ್ತದೆ. ಸಿದ್ದಾಪುರದ ಅವನ ಕೋಣೆಯ ಇನ್ವರ್ಟರ್ ಸರಿಯಿದ್ದುದರಿಂದ ಅಲ್ಲಿ ಇದು ಕಾಣಲೇ ಇಲ್ಲ. ನಿಧಾನದ ಯಂತ್ರ ಯಾವ ಊರಲ್ಲಿದ್ದರೂ ಇದೇ ಗತಿ. ತಪ್ಪು ಲೈಬ್ರರಿಯದು, ರೋಹಿಣಿಯದಲ್ಲ. ಅವನು ತನ್ನ ಲ್ಯಾಪ್‌ಟಾಪು ತೆಗೆದು, ತಡವಾದರೆ ಪಟ್ಟಿ ಸುಮ್ಮನಿರಬೇಕು ಎಂದು ಹೊಸ ನಿಯಮ ಬರೆದು, ಪೆನ್‌ಡ್ರೈವಿನಲ್ಲಿ ಕೊಟ್ಟ. ಕರೆಂಟು ಬರುವ ಮೊದಲೇ ಅವಳು ಇಪ್ಪತ್ತು ಸಲ ನಡೆಸಿದಳು. ಇಪ್ಪತ್ತು ಸಲವೂ ‘ಸೆಟ್’.

ಕಾರಣ ಸಿಕ್ಕಿತೆಂದು ತಿಳಿಸಿದಾಗ ಫೋನಿನಲ್ಲಿ ದಿನಕರ ಸೋಮವಾರ ಬೇಗ ಬಾ ಎಂದರು. ಆಮೇಲೆ ಸ್ವಲ್ಪ ಮೆತ್ತಗಾಗಿ ಇನ್ನೊಂದು ಮಾತು ಹೇಳಿದರು. ವಿಘ್ನೇಶ್ವರ ನಿನ್ನೆ ಫೋನು ಮಾಡಿ, ನಲವತ್ತೊಂದನ್ನು ತೆಗೆಯಬೇಡಿ, ಅವರು ಇಲ್ಲದ್ದನ್ನು ಬರೆಯುವವರಲ್ಲ, ನಾನೇ ಹೋಗಿ ನೋಡುತ್ತೇನೆ ಎಂದು ಹಟ ಹಿಡಿದಿದ್ದನಂತೆ. ರೋಹಿಣಿ ಫೋನು ಕೆಳಗಿಟ್ಟಳು. ತನ್ನನ್ನು ಒಬ್ಬರು, ಕಣ್ಣಾರೆ ಕಾಣುವ ಮೊದಲೇ, ಇಷ್ಟು ನಂಬಿದ್ದರು ಎಂದು ಅವಳಿಗೆ ಈಗ ತಿಳಿಯಿತು.

ಸಂಜೆ ಬಸ್ ಸ್ಟ್ಯಾಂಡಿನವರೆಗೂ ಜೊತೆಗೆ ನಡೆದಳು. ಇನ್ವರ್ಟರ್ ಮಾತ್ರ ರಿಪೇರಿಯಾಗಲಿಲ್ಲ ಎಂದು ದಾರಿಯುದ್ದಕ್ಕೂ ಕಾಡಿಸಿದಳು. ಅವನು ನಗುತ್ತ ಸಿದ್ದಾಪುರದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತ. ಬಾಯಿ ತೆರೆದ, ಮತ್ತೆ ಮುಚ್ಚಿದ.

“ಎಂತೋ ಹೇಳ್ಬೇಕು ಅಂತಿದ್ರಿ,” ಎಂದಳು.

“ಹೇಳ್ಬೇಕಿತ್ತು, ಎರಡು ತಿಂಗಳ ಹಿಂದೇನೇ. ಈಗ ತಡ ಆತು.”

ಕಂಡಕ್ಟರು ಸೀಟಿ ಊದಿದ.

“ತಡ ಆದ್ರೆ ಸುಮ್ನಿರೋದು ಲೈಬ್ರರಿಗೆ ಹಾಕಿದ ನಿಯಮ,” ಎಂದಳು ರೋಹಿಣಿ. “ನಿಮಗಲ್ಲ.”

ಬಸ್ಸು ಅಲುಗಿತು. ಒಳಗೆ ಏನೋ ಗಲಾಟೆಯಾಯಿತು, ಕಾಲು ತುಳಿಸಿಕೊಂಡ ಯಾರದೋ ಕೂಗು, ಕಂಡಕ್ಟರನ ಬೈಗುಳ. ಚೀಲವನ್ನು ಎದೆಗೆ ಅವಚಿಕೊಂಡು ವಿಘ್ನೇಶ್ವರ ಕೆಳಗಿಳಿದ. ಬಸ್ಸು ಹೋಯಿತು.

“ನಿಮ್ಮ ವರದಿ ಬಾರದ ದಿನ ನಂಗೆ ಕೆಲ್ಸ ಸಾಗೂದಿಲ್ಲ,” ಎಂದ. “ಒಂದು ಸಾಲು ಬರೆಯೋಕೆ ಒಂದು ದಿನ ಬೇಕಾಗ್ತಿತ್ತು, ಅದಕ್ಕೇ ತಡ. ನಂಗೆ ನೀವಂದ್ರೆ ಇಷ್ಟ.”

ಬೇಕೆಂದೇ ಅವಳೂ ಉತ್ತರಕ್ಕೆ ಸ್ವಲ್ಪ ತಡ ಮಾಡಿದಳು. ಅವನ ಮುಖದಲ್ಲಿ ಏನೇನು ಬಂದು ಹೋಗುತ್ತದೆ ಎಂದು ನೋಡುವ ಆಸೆ.

“ನಂಗೂ,” ಎಂದಳು.

ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಅವನು ಕೇಳಿದ. ವೇಳಾಪಟ್ಟಿಯ ಬೋರ್ಡು ಅವನ ಬೆನ್ನ ಹಿಂದೆಯೇ ಇತ್ತು. ಅವಳು ಅದನ್ನು ಓದಿ, ಗೊತ್ತಿಲ್ಲ ಎಂದು ಹೇಳಿ, ಚಾ ಅಂಗಡಿಯ ಕಡೆಗೆ ಕರೆದುಕೊಂಡು ಹೋದಳು.